ನಿರಾಶ್ರಿತರ ಮನಸ್ಸಿಗೆ ಯಾವ ಪರಿಹಾರ?

ಭೂಸ್ವಾಧೀನದ ಕಡತಗಳಲ್ಲಿ ಪ್ರತಿಯೊಂದಕ್ಕೂ ಬೆಲೆ ಕಟ್ಟುವ ಏರ್ಪಾಟಿದೆ. ತರಿಗೆ ಇಷ್ಟು, ಖುಷ್ಕಿಗೆ ಇಷ್ಟು, ಬಾಗಾಯ್ತಿಗೆ ಇಷ್ಟು. ಫಲ ಕೊಡುವ ಅಡಿಕೆ ಮರಕ್ಕೆ ಇಷ್ಟು, ತೆಂಗಿಗೆ ಇಷ್ಟು. ಬಾವಿಗೆ, ಕೊಟ್ಟಿಗೆಗೆ, ಹೆಂಚಿನ ಮಾಡಿಗೆ ಇಷ್ಟಿಷ್ಟು. ನೆಲ ಬಿಟ್ಟವನು ಕಳೆದುಕೊಂಡ ನಿದ್ದೆಗೆ, ಅವನ ಹೆಂಡತಿಯ ಎದೆಯ ಮೇಲೆ ಕುಳಿತ ಭಾರಕ್ಕೆ, ಹೊಸ ಊರಿನ ಜಗಲಿಯಲ್ಲಿ ಮಾತು ಬಿಟ್ಟು ಕುಳಿತ ಅವನ ತಂದೆಯ ಮೌನಕ್ಕೆ ಮಾತ್ರ ಆ ಕಡತದಲ್ಲಿ ಕಲಮು ಇಲ್ಲ. ಬೆಲೆ ಕಟ್ಟಲಾಗದ್ದನ್ನು ಸರ್ಕಾರಗಳು ಇಲ್ಲವೆಂದೇ ಭಾವಿಸುತ್ತವೆ. ಮಲೆನಾಡು ಈ ಭಾವನೆಯ ಫಲವನ್ನು ಆರು ದಶಕಗಳಿಂದ ಉಣ್ಣುತ್ತಿದೆ.

‘ನಿರಾಶ್ರಿತ’ ಎಂಬ ನಮ್ಮ ಪದವೇ ಒಂದು ಸತ್ಯವನ್ನು ಹೇಳುತ್ತದೆ. ಅಂತರರಾಷ್ಟ್ರೀಯ ಕಾನೂನಿಗೆ, ಅಂದರೆ 1951ರ ನಿರಾಶ್ರಿತರ ಒಪ್ಪಂದಕ್ಕೆ, ಕಿರುಕುಳದ ಭೀತಿಯಿಂದ ದೇಶದ ಗಡಿ ದಾಟಿ ಬಂದವನು ಮಾತ್ರ ನಿರಾಶ್ರಿತ. ಭಾರತವಂತೂ ಆ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ. ಆದರೆ ಕನ್ನಡದ ಹಳ್ಳಿಗ ಗಡಿಯನ್ನು ಕೇಳುವುದಿಲ್ಲ. ಬೈಲಕುಪ್ಪೆಯ ಟಿಬೆಟನ್ನನೂ ಅವನಿಗೆ ನಿರಾಶ್ರಿತ. ಲಿಂಗನಮಕ್ಕಿಯ ಹಿನ್ನೀರಿನಿಂದ ಎದ್ದು ಬಂದು ಸೊರಬ, ಶಿವಮೊಗ್ಗ, ಭದ್ರಾವತಿಗಳ ಕಾಡಂಚಿನಲ್ಲಿ ನೆಲೆಯೂರಿದವನೂ ನಿರಾಶ್ರಿತ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಂತೆ 2024ರ ಕೊನೆಗೆ ಯುದ್ಧ, ಹಿಂಸೆ, ಕಿರುಕುಳಗಳಿಂದ ನೆಲೆ ತಪ್ಪಿದವರ ಸಂಖ್ಯೆ 12.32 ಕೋಟಿ. ಅಣೆಕಟ್ಟು, ಗಣಿ, ಹೆದ್ದಾರಿಗಳಿಗಾಗಿ ಎಬ್ಬಿಸಲ್ಪಟ್ಟವರು ಈ ಲೆಕ್ಕಕ್ಕೆ ಸೇರಿಲ್ಲ. ‘ಅಭಿವೃದ್ಧಿ’ಯ ನಿರಾಶ್ರಿತನು ಜಗತ್ತಿನ ಎಣಿಕೆಯಿಂದಲೂ ಹೊರಗೇ ಉಳಿದವನು.

ಈ ಜನರ ಮನಸ್ಸಿನ ಸಂಕಟದ ಬಗ್ಗೆ ಆಳುವವರಲ್ಲಿ ಎರಡು ಬಗೆಯ ಉದಾಸೀನಗಳಿವೆ. ಮೊದಲನೆಯದು ಹಳೆಯದು: “ಒಂದೆರಡು ಮಳೆಗಾಲ ಕಳೆದರೆ ಎಲ್ಲ ಸರಿಹೋಗುತ್ತದೆ.” ಎರಡನೆಯದು ಹೊಸದು, ವಿದ್ಯಾವಂತ ವೇಷ ತೊಟ್ಟದ್ದು: “ಮನಸ್ಸಿನ ತೊಂದರೆಯಲ್ಲವೆ, ಒಂದು ದಿನದ ಆಪ್ತ ಸಮಾಲೋಚನಾ ಶಿಬಿರ ಏರ್ಪಡಿಸೋಣ.” ಮೊದಲನೆಯದು ನೋವನ್ನೇ ಅಲ್ಲಗಳೆಯುತ್ತದೆ. ಎರಡನೆಯದು ನೋವನ್ನು ಒಪ್ಪಿ, ಅದರ ಕಾರಣವನ್ನು ನೊಂದವನ ತಲೆಯೊಳಗೇ ಇರಿಸಿ ಕೈ ತೊಳೆದುಕೊಳ್ಳುತ್ತದೆ. ಎರಡನ್ನೂ ತಿರಸ್ಕರಿಸಬೇಕಾಗಿದೆ. ನೆಲೆ ತಪ್ಪಿದವರ ಮನಸ್ಸನ್ನು ಕಾಯುವ ಸಂಗತಿಗಳು ಮೂರು: ಚದುರದ ನೆರೆಹೊರೆ, ಕೈಗೆ ಒಗ್ಗಿದ ದುಡಿಮೆ, ನಾಳೆಯ ಖಾತರಿ. ಈ ಮೂರನ್ನೂ ಕಿತ್ತುಕೊಂಡು ಮಾತ್ರೆ ಹಂಚುವುದು ಬೇರು ಕತ್ತರಿಸಿದ ಗಿಡದ ಎಲೆಗೆ ಔಷಧಿ ಸಿಂಪಡಿಸಿದಂತೆ.

ಬೈಲಕುಪ್ಪೆ ಹೇಳುವುದೇನು?

1959ರಲ್ಲಿ ದಲಾಯಿ ಲಾಮಾ ಅವರೊಡನೆ ಹಾಗೂ ಅವರ ಹಿಂದೆ ಹಿಮಾಲಯ ದಾಟಿ ಬಂದ ಟಿಬೆಟನ್ನರ ಮೊದಲ ವರ್ಷಗಳು ಘೋರವಾಗಿದ್ದವು. ಬಂಗಾಳದ ಬಕ್ಸಾದ ಹಳೆಯ ಬಂದೀಖಾನೆಯಲ್ಲಿ ಇರಿಸಲ್ಪಟ್ಟ ಭಿಕ್ಷುಗಳನ್ನು ಕ್ಷಯ ಕಾಡಿತು. ಸಾವಿರಾರು ಜನ ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ ಕಲ್ಲೊಡೆದರು. ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಭೂಮಿ ನೀಡಿತು. ಅನಂತರ 1966ರಲ್ಲಿ ಮುಂಡಗೋಡದಲ್ಲಿ ಸುಮಾರು 4,000 ಎಕರೆಯ ಶಿಬಿರ, 1970ರ ದಶಕದಲ್ಲಿ ಹುಣಸೂರು ಮತ್ತು ಕೊಳ್ಳೇಗಾಲದ ಒಡೆಯರಪಾಳ್ಯದ ಶಿಬಿರಗಳು ತಲೆಯೆತ್ತಿದವು. ಇಂದು ನಾಡಿನ ಅನೇಕ ಜಿಲ್ಲೆಗಳಲ್ಲಿ ಕೆಲಸ ಮಾಡುವ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಈ ಟಿಬೆಟನ್ನರ ಪುನರ್ವಸತಿಯ ಕಾರ್ಯಕ್ಕಾಗಿ.

ಕೃಷಿಯ ಕಣ್ಣಿನಿಂದ ನೋಡಿದರೆ ಅವರ ಮುಂದಿದ್ದ ಕಷ್ಟ ಸಾಮಾನ್ಯವಾದುದಲ್ಲ. ಶೀತ ಪ್ರಸ್ಥಭೂಮಿಯಲ್ಲಿ ಜವೆಗೋಧಿ ಬೆಳೆದು, ಯಾಕ್ ಮೇಯಿಸಿ ಬಾಳಿದವರು ದಕ್ಷಿಣದ ಬಿಸಿಲಿನಲ್ಲಿ ಕಾಡು ಕಡಿದು, ಆನೆಗಳ ಕಾಟ ತಡೆದು, ಮುಸುಕಿನ ಜೋಳ ಬಿತ್ತಬೇಕಾಯಿತು. ಬೀಜ, ಮಣ್ಣು, ಮಳೆಯ ಲೆಕ್ಕ ಯಾವುದೂ ತಿಳಿದದ್ದಲ್ಲ. ಹೀಗಿದ್ದೂ ಆ ಸಮುದಾಯ ನೆಲಕಚ್ಚಲಿಲ್ಲ. ಅವರನ್ನು ಒಬ್ಬೊಬ್ಬರಾಗಿ ಚದುರಿಸಲಿಲ್ಲ. ಶಿಬಿರ ಶಿಬಿರವಾಗಿ ಒಟ್ಟಿಗೆ ಇರಿಸಲಾಯಿತು. ಅವರದೇ ಭಾಷೆ ಕಲಿಸುವ ಶಾಲೆ, ಸಹಕಾರ ಸಂಘ, ಆಸ್ಪತ್ರೆಗಳು ಬಂದವು. ಟಿಬೆಟ್ಟಿನಲ್ಲಿ ಕಳೆದುಹೋದ ಸೆರಾ ವಿಹಾರ ಬೈಲಕುಪ್ಪೆಯಲ್ಲಿಯೂ, ಗಾದೆನ್ ಮತ್ತು ದ್ರೆಪುಂಗ್ ವಿಹಾರಗಳು ಮುಂಡಗೋಡದಲ್ಲಿಯೂ ಮತ್ತೆ ಎದ್ದವು. ಸತ್ತವರಿಗೆ ಸಲ್ಲಬೇಕಾದ ಪ್ರಾರ್ಥನೆ ಸಲ್ಲಿಸುವವರು ಪಕ್ಕದಲ್ಲಿಯೇ ಇದ್ದರು.

ಇದು ಮನಸ್ಸಿನ ಆರೋಗ್ಯದ ಪ್ರಶ್ನೆ ಹೇಗಾಗುತ್ತದೆ? ಧರ್ಮಶಾಲಾಕ್ಕೆ ಹೊಸದಾಗಿ ಬಂದಿಳಿದ 769 ಟಿಬೆಟನ್ ನಿರಾಶ್ರಿತರ ಕುರಿತ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅವರಲ್ಲಿ ಅನೇಕರು ಚಿತ್ರಹಿಂಸೆಯನ್ನೂ ಜೀವಭಯವನ್ನೂ ಕಂಡವರು. ಆದರೂ ಖಿನ್ನತೆ, ಆತಂಕಗಳ ಪ್ರಮಾಣ ಸಂಶೋಧಕರು ನಿರೀಕ್ಷಿಸಿದ್ದಕ್ಕಿಂತ ಕಡಿಮೆಯಿತ್ತು. ಪ್ರಾರ್ಥನೆ, ಧಾರ್ಮಿಕ ಆಚರಣೆಗಳ ಮೂಲಕ ನೋವನ್ನು ಎದುರಿಸುವ ರೀತಿ ಮತ್ತು ತಮಗಾದುದನ್ನು ಅವರು ಅರ್ಥೈಸಿಕೊಳ್ಳುವ ರೀತಿ ಅವರನ್ನು ಕಾದಿರುವಂತೆ ಕಂಡಿತು. ಟಿಬೆಟನ್ ವೈದ್ಯದಲ್ಲಿ ಇಂಥ ಸಂಕಟಕ್ಕೆ ‘ಲುಂಗ್’, ಅಂದರೆ ವಾಯುವಿನ ಕೆಡುಕು, ಎಂಬ ಹೆಸರಿದೆ. ನೋವಿಗೆ ತನ್ನ ಭಾಷೆಯಲ್ಲಿ ಹೆಸರಿರುವುದು, ಆ ಹೆಸರು ಬಲ್ಲ ವೈದ್ಯನೂ ನೆರೆಯವನೂ ಹತ್ತಿರದಲ್ಲಿರುವುದು ಸಣ್ಣ ಆಸರೆಯಲ್ಲ. ನಮ್ಮ ಹಳ್ಳಿಗಳ ಹೆಂಗಸರು “ಎದೆ ಭಾರ” ಎಂದು ಹೇಳುವುದೂ ಇಂಥದೇ ಭಾಷೆ. ಕೇಳುವ ಕಿವಿ ಇರಬೇಕಷ್ಟೆ.

ಆದರೆ ಇದನ್ನು ಕಂಡು ‘ಧರ್ಮವಿದ್ದರೆ ಸಾಕು’ ಎಂದು ಮೈಮರೆಯುವವರಿಗೆ ಇನ್ನೊಂದು ಮುಖವನ್ನೂ ತೋರಿಸಬೇಕು. ಚಿತ್ರಹಿಂಸೆಗೆ ಒಳಗಾದ ಟಿಬೆಟನ್ನರನ್ನು ಒಳಗಾಗದ ಟಿಬೆಟನ್ನರೊಡನೆ ಹೋಲಿಸಿ 1998ರಲ್ಲಿ ಪ್ರಕಟವಾದ ಅಧ್ಯಯನವು ಮೊದಲಿನವರಲ್ಲಿ ಆತಂಕ ಗಣನೀಯವಾಗಿ ಹೆಚ್ಚಿರುವುದನ್ನು ತೋರಿಸಿತ್ತು. ಸಮುದಾಯ ಗಾಯವನ್ನು ಅಳಿಸುವುದಿಲ್ಲ. ಗಾಯವನ್ನು ಹೊತ್ತು ಬದುಕಲು ಹೆಗಲು ಕೊಡುತ್ತದೆ. ಜೊತೆಗೆ, ಅವರು ಉಳುವ ಭೂಮಿ ಗುತ್ತಿಗೆಯದು. ಬಹಳ ಮಂದಿ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಂಡು ಬದುಕಬೇಕಾದವರು. ಹುಟ್ಟಿದ ನೆಲದಲ್ಲಿಯೇ ಪರದೇಶಿಯಾಗಿ ಬೆಳೆದ ಎರಡನೆಯ, ಮೂರನೆಯ ತಲೆಮಾರಿನ ಯುವಜನರು ದೂರದ ದೇಶಗಳಿಗೆ ವಲಸೆ ಹೋಗುತ್ತಿರುವುದರಿಂದ ಶಿಬಿರಗಳಲ್ಲಿ ಮುದುಕರು ಒಂಟಿಯಾಗುತ್ತಿದ್ದಾರೆ. ನೆರೆಹೊರೆ ಅವರಿಗೆ ದಕ್ಕಿತು. ನಾಳೆಯ ಖಾತರಿ ದಕ್ಕಲಿಲ್ಲ.

ಶರಾವತಿಯ ಮಕ್ಕಳಿಗೆ ದಕ್ಕಿದ್ದೇನು?

ಟಿಬೆಟನ್ನರು ಮೈಸೂರು ರಾಜ್ಯಕ್ಕೆ ಬಂದಿಳಿಯುತ್ತಿದ್ದ ಅದೇ ವರ್ಷಗಳಲ್ಲಿ ಅದೇ ರಾಜ್ಯ ತನ್ನದೇ ಪ್ರಜೆಗಳನ್ನು ಶರಾವತಿ ಕಣಿವೆಯಿಂದ ಎಬ್ಬಿಸುತ್ತಿತ್ತು. ಹಿರೇಭಾಸ್ಕರದ ಮೊದಲ ಅಣೆಕಟ್ಟಿಗೆ ಒಮ್ಮೆ ಬಿಟ್ಟುಕೊಟ್ಟಿದ್ದ ಕಣಿವೆ, 1964ರಲ್ಲಿ ಮುಗಿದ ಲಿಂಗನಮಕ್ಕಿಗೆ ಮತ್ತೊಮ್ಮೆ ಬಿಟ್ಟುಕೊಟ್ಟಿತು. ಸಾಗರ, ಹೊಸನಗರ ತಾಲ್ಲೂಕುಗಳ ನೂರಾರು ಹಳ್ಳಿಗಳಿಗೆ ನೀರು ನುಗ್ಗಿತು. ಕಣಿವೆಯ ತಳದ ಗದ್ದೆ, ಅಡಿಕೆ ತೋಟ, ತೋಟಕ್ಕೆ ಗೊಬ್ಬರ ಕೊಡುತ್ತಿದ್ದ ಸೊಪ್ಪಿನ ಬೆಟ್ಟ ಎಲ್ಲವೂ ಹೋದವು. ನಾಡು ಬೆಳಕಾಯಿತು, ಬೆಳಕು ಕೊಟ್ಟವರು ಕತ್ತಲಿಗೆ ಹೋದರು.

ಇವರಿಗೆ ಪೌರತ್ವವಿತ್ತು, ಮತವಿತ್ತು, ಭಾಷೆ ತಮ್ಮದೇ ಆಗಿತ್ತು. ಟಿಬೆಟನ್ನರಿಗೆ ಇಲ್ಲದ ಅನುಕೂಲಗಳಿವು. ಆದರೆ ಸಂಸಾರಗಳು ಚದುರಿದವು. ಲಾರಿಗಳಲ್ಲಿ ತಂದು ಕಾಡಿನ ನಡುವೆ ಇಳಿಸಿ ಹೋದ ಕಥೆಯನ್ನು ಮುಳುಗಡೆಯ ಹಿರಿಯರು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಅಣ್ಣನ ಮನೆ ಒಂದು ತಾಲ್ಲೂಕಿನಲ್ಲಿ, ತಮ್ಮನದು ಇನ್ನೊಂದರಲ್ಲಿ; ಊರ ದೇವರು ಒಂದು ದಿಕ್ಕಿಗೆ, ದೇವರ ಪೂಜೆಗೆ ಸೇರುತ್ತಿದ್ದ ಒಕ್ಕಲು ಹತ್ತು ದಿಕ್ಕಿಗೆ. ಹಿನ್ನೀರಿನ ಆಚೆ ಉಳಿದ ತುಮರಿ ಭಾಗದ ಜನ ದ್ವೀಪವಾಸಿಗಳಾದರು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೆ ಅವರು ಲಾಂಚನ್ನೇ ನಂಬಿ ಬದುಕಿದರು. ರಾತ್ರಿ ಹೆರಿಗೆ ನೋವು ಬಂದರೆ ಏನು ಗತಿ ಎಂಬ ಹೆದರಿಕೆಯಲ್ಲಿ ಮೂರು ತಲೆಮಾರು ಕಳೆದದ್ದು ಯಾವ ವಿದ್ಯುತ್ ಬಿಲ್ಲಿನಲ್ಲೂ ನಮೂದಾಗಿಲ್ಲ. ನಾ. ಡಿಸೋಜಾ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಈ ಸಂಕಟವನ್ನು ಬರೆದರು. ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಸಂದಿತು. ಸಾಹಿತಿ ಕಂಡದ್ದನ್ನು ಇಲಾಖೆ ಕಾಣಲಿಲ್ಲ.

ಹಕ್ಕಿನ ಕಥೆಯಂತೂ ಇನ್ನೂ ಕ್ರೂರ. ಬದಲಿಯಾಗಿ ತೋರಿಸಿದ ಭೂಮಿಯಲ್ಲಿ ಬಹುಭಾಗ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಅದನ್ನು ಬಿಡಿಸಲು ಕೇಂದ್ರದ ಅನುಮತಿ ಬೇಕಾಯಿತು. ರಾಜ್ಯ ತನ್ನಷ್ಟಕ್ಕೆ ಹೊರಡಿಸಿದ ಆದೇಶಗಳು 2021ರಲ್ಲಿ ಉಚ್ಚ ನ್ಯಾಯಾಲಯದ ಮುಂದೆ ನಿಲ್ಲಲಿಲ್ಲ. ಹೀಗೆ ಸರ್ಕಾರವೇ ಕರೆತಂದು ಕೂರಿಸಿದ ರೈತ ಸರ್ಕಾರದ ಕಾಗದದಲ್ಲಿಯೇ ಒತ್ತುವರಿದಾರನಾದ. ಪಟ್ಟೆಯಿಲ್ಲದವನಿಗೆ ಬ್ಯಾಂಕಿನ ಸಾಲ ಹುಟ್ಟದು. ಮಗಳ ಮದುವೆಗೆ, ಮಗನ ಓದಿಗೆ ಕೈಸಾಲವೇ ಗತಿ. ಇಲಾಖೆಯ ಜೀಪು ಬಂದಾಗಲೆಲ್ಲ ಎದೆ ಹೊಡೆದುಕೊಳ್ಳುವುದು ಕಾಯಿಲೆಯೆ? ಅದಕ್ಕೆ ಯಾವ ವೈದ್ಯ ಯಾವ ಮಾತ್ರೆ ಬರೆದುಕೊಡಬೇಕು?

ಒತ್ತಡದ ಬೇರು ಎಲ್ಲಿದೆ?

ಅಣೆಕಟ್ಟಿನ ನಿರಾಶ್ರಿತರನ್ನು ಅತಿ ದೀರ್ಘಕಾಲ ಅಭ್ಯಸಿಸಿದವರು ಥೇಯರ್ ಸ್ಕಡರ್ ಮತ್ತು ಎಲಿಜಬೆತ್ ಕೋಲ್ಸನ್. ಆಫ್ರಿಕಾದ ಜಾಂಬೆಜಿ ನದಿಗೆ ಕರೀಬಾ ಅಣೆಕಟ್ಟು ಕಟ್ಟಿದಾಗ, 1950ರ ದಶಕದ ಕೊನೆಯಲ್ಲಿ, ಟೋಂಗಾ ಜನಾಂಗದ ಸುಮಾರು 57,000 ಜನ ಎಬ್ಬಿಸಲ್ಪಟ್ಟರು. ಅವರನ್ನು ದಶಕಗಳ ಕಾಲ ಹಿಂಬಾಲಿಸಿದ ಈ ವಿದ್ವಾಂಸರು ಸ್ಥಳಾಂತರದ ಒತ್ತಡಕ್ಕೆ ಮೂರು ಮುಖಗಳನ್ನು ಗುರುತಿಸಿದರು: ದೇಹದ್ದು, ಮನಸ್ಸಿನದು, ಸಮಾಜ–ಸಂಸ್ಕೃತಿಯದು. ಮೊದಲ ವರ್ಷಗಳಲ್ಲಿ ಸಂತ್ರಸ್ತರು ಹಳೆಯ ಬೆಳೆ, ಹಳೆಯ ನಂಟು, ಹಳೆಯ ಪದ್ಧತಿಗಳನ್ನೇ ಬಿಗಿಯಾಗಿ ಅಪ್ಪಿಕೊಳ್ಳುತ್ತಾರೆ, ಹೊಸ ಪ್ರಯೋಗಕ್ಕೆ ಕೈಹಾಕುವುದಿಲ್ಲ ಎಂಬುದು ಅವರು ಕಂಡ ಮುಖ್ಯ ಸಂಗತಿ. ನಮ್ಮ ಅಧಿಕಾರಿಗಳು ಇದನ್ನೇ ‘ಮೊಂಡುತನ’ ಎನ್ನುತ್ತಾರೆ. ಎಲ್ಲವೂ ಅಲುಗಾಡುತ್ತಿರುವಾಗ ಅಲುಗದ ಒಂದನ್ನು ಹಿಡಿದು ನಿಲ್ಲುವ ಬುದ್ಧಿವಂತಿಕೆ ಅದು.

ರೈತನ ಅರಿವು ಸ್ಥಳಕ್ಕೆ ಅಂಟಿದ ಅರಿವು. ಯಾವ ಗದ್ದೆಯಲ್ಲಿ ನೀರು ನಿಲ್ಲುತ್ತದೆ, ಯಾವ ಮೂಲೆಯಲ್ಲಿ ಕೊಳೆರೋಗ ಮೊದಲು ಕಾಣಿಸುತ್ತದೆ, ಯಾವ ಹಳ್ಳ ಎಷ್ಟು ದಿನ ಹರಿಯುತ್ತದೆ ಎಂಬುದು ಪುಸ್ತಕದಿಂದ ಬಂದದ್ದಲ್ಲ. ನೆಲ ಬದಲಾದ ದಿನ ಈ ಅರಿವೆಲ್ಲ ನಿಷ್ಪ್ರಯೋಜಕವಾಗುತ್ತದೆ. ನಿನ್ನೆಯವರೆಗೆ ಊರಿಗೆ ಬುದ್ಧಿ ಹೇಳುತ್ತಿದ್ದ ಯಜಮಾನ ಇಂದು ಏನೂ ತಿಳಿಯದವನಾಗುತ್ತಾನೆ. ಪರಿಹಾರದ ಹಣದಿಂದ ಎಕರೆ ಕೊಳ್ಳಬಹುದು. ಆ ಎಕರೆಯ ಬಗೆಗಿನ ತಿಳಿವಳಿಕೆಯನ್ನು ಕೊಳ್ಳಲಾಗದು. ಅವಮಾನ ಇಲ್ಲಿಂದ ಹುಟ್ಟುತ್ತದೆ. ಅವಮಾನ ನುಂಗಲಾರದವನು ಹೆಂಡದಂಗಡಿಯ ದಾರಿ ಹಿಡಿದರೆ ಊರು ಅವನನ್ನೇ ದೂರುತ್ತದೆ. ಅವನ ಮನೆಯಾಕೆ ಅವಮಾನದ ಜೊತೆಗೆ ಪೆಟ್ಟನ್ನೂ ನುಂಗುತ್ತಾಳೆ.

ಯುದ್ಧ ಪೀಡಿತ ಪ್ರದೇಶಗಳ ಕುರಿತು 2019ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಅಲ್ಲಿನ ಐವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿದೆ. ಆ ಒಬ್ಬರಿಗೆ ವೈದ್ಯರು ಬೇಕು, ಔಷಧಿ ಬೇಕು. ಇದರಲ್ಲಿ ಎರಡು ಮಾತಿಲ್ಲ. ಮಂತ್ರ, ತಾಯಿತ, ಹರಕೆಗಳ ನೆಪದಲ್ಲಿ ಅವರನ್ನು ಆಸ್ಪತ್ರೆಯಿಂದ ದೂರವಿಡುವುದು ಅಪರಾಧ. ಉಳಿದ ನಾಲ್ವರಿಗೂ ದುಃಖವಿದೆ, ಕಾಯಿಲೆಯಿಲ್ಲ. ಅವರಿಗೆ ಬೇಕಾದದ್ದು ಬದುಕು ಮತ್ತೆ ಹಳಿಗೆ ಬರುವುದು. ನಿರಾಶ್ರಿತರನ್ನು ಕುಗ್ಗಿಸುವುದು ಹಿಂದೆ ಕಂಡ ಘೋರ ಮಾತ್ರವೇ ಅಲ್ಲ, ಇಂದಿನ ದಿನದಿನದ ಕಿರುಕುಳವೂ ಹೌದು ಎಂದು 2010ರಲ್ಲಿ ಮಿಲ್ಲರ್ ಮತ್ತು ರಾಸ್ಮುಸ್ಸೆನ್ ಎಂಬ ಸಂಶೋಧಕರು ವಾದಿಸಿದರು: ಬಡತನ, ಒಂಟಿತನ, ಕಾಗದಪತ್ರವಿಲ್ಲದ ಭಯ, ಕಚೇರಿಯ ಅಲೆದಾಟ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಇತರ ನೆರವು ಸಂಸ್ಥೆಗಳೂ ಸೇರಿ 2007ರಲ್ಲಿ ಹೊರತಂದ ಮಾರ್ಗಸೂಚಿಯು ಮಾನಸಿಕ ನೆರವನ್ನು ನಾಲ್ಕು ಮೆಟ್ಟಿಲುಗಳಾಗಿ ಚಿತ್ರಿಸುತ್ತದೆ. ತಳದಲ್ಲಿ ಅನ್ನ, ನೀರು, ಸೂರು, ಸುರಕ್ಷತೆ, ಎರಡನೆಯದು ಕುಟುಂಬ ಮತ್ತು ಸಮುದಾಯದ ಆಸರೆ, ಮೂರನೆಯದು ತರಬೇತಿ ಪಡೆದ ಕಾರ್ಯಕರ್ತರ ನೆರವು, ತುದಿಯಲ್ಲಿ ಮನೋವೈದ್ಯರು. ನಮ್ಮ ಪುನರ್ವಸತಿ ಇಲಾಖೆಗಳು ತಳದ ಎರಡು ಮೆಟ್ಟಿಲುಗಳನ್ನು ಒಡೆದು ತುದಿಯ ಮೆಟ್ಟಿಲಿನಿಂದ ಒಂದು ದಿನದ ಶಿಬಿರವನ್ನು ಇಳಿಬಿಡುತ್ತವೆ.

ಕಾನೂನಾದರೂ ಕಣ್ತೆರೆದಿದೆಯೆ? 2013ರ ಭೂಸ್ವಾಧೀನ ಕಾಯ್ದೆ ಹಳೆಯದಕ್ಕಿಂತ ಎಷ್ಟೋ ಮಾನವೀಯ. ಸಾಮಾಜಿಕ ಪರಿಣಾಮದ ಅಧ್ಯಯನ ಕಡ್ಡಾಯವಾಯಿತು. ಅದರ ನಿಯಮಗಳ ನಮೂನೆಯಲ್ಲಿ ‘ಸ್ಥಳಾಂತರದ ಒತ್ತಡ’ ಎಂಬ ಒಂದು ಸಾಲೂ ಇದೆ. ಆದರೆ ಏನು ಕೊಡಬೇಕೆಂದು ಪಟ್ಟಿ ಮಾಡುವ ಎರಡನೆಯ ಅನುಸೂಚಿಗೆ ಬಂದರೆ ಮನೆ, ಭೂಮಿ, ಒಂದು ವರ್ಷ ತಿಂಗಳಿಗೆ 3,000 ರೂಪಾಯಿ ಜೀವನಾಂಶ, ಸಾಮಾನು ಸಾಗಿಸಲು 50,000 ರೂಪಾಯಿ ಮುಂತಾದವು ಸಿಗುತ್ತವೆ. ಆ ಒತ್ತಡಕ್ಕೆ ಉತ್ತರ ಸಿಗುವುದಿಲ್ಲ. ರೋಗವನ್ನು ಬರೆದುಕೊಂಡು ಮದ್ದು ಬರೆಯಲು ಮರೆತ ಚೀಟಿಯಿದು.

ಪರಿಸರ ಚಳವಳಿಯೂ ಉತ್ತರಿಸಲಿ

ಇಲ್ಲಿ ಹಸಿರು ಬಾವುಟ ಹಿಡಿದವರೂ ಕಟಕಟೆಗೆ ಬರಬೇಕಾಗುತ್ತದೆ. ಎಷ್ಟು ಹೆಕ್ಟೇರ್ ನಿತ್ಯಹರಿದ್ವರ್ಣ ಕಾಡು ಮುಳುಗಿತು, ಎಷ್ಟು ಸಿಂಗಳೀಕಗಳ ನೆಲೆ ತಪ್ಪಿತು ಎಂಬ ಲೆಕ್ಕ ಚಳವಳಿಯ ಬಾಯಲ್ಲಿದೆ, ಅದು ಇರಲೇಬೇಕು. ಎಷ್ಟು ಮನೆಗಳಲ್ಲಿ ಒಲೆ ಹೊತ್ತಿಸುವ ಉತ್ಸಾಹ ಸತ್ತಿತು ಎಂಬ ಲೆಕ್ಕ ಯಾರ ಬಾಯಲ್ಲಿದೆ? 1960ರ ದಶಕದಲ್ಲಿ ಸರ್ಕಾರವೇ ತಂದು ಕೂರಿಸಿದ ಸಂತ್ರಸ್ತನಿಗೆ ಪಟ್ಟೆ ಕೊಡುವ ಮಾತು ಬಂದಾಗ ‘ಅರಣ್ಯ ಹೋಯಿತು’ ಎಂದು ಬೊಬ್ಬೆಯಿಟ್ಟು, ನಿನ್ನೆ ಮೊನ್ನೆ ಗುಡ್ಡ ಬಗೆದ ರೆಸಾರ್ಟಿನ ಮುಂದೆ ಮೌನವಾಗುವುದು ಯಾವ ಪರಿಸರ ನ್ಯಾಯ? ಒತ್ತುವರಿಯ ದಲ್ಲಾಳಿಗಳು ಸಂತ್ರಸ್ತರ ಹೆಸರಿನಲ್ಲಿ ಕಾಡು ನುಂಗುವುದನ್ನು ತಡೆಯಬೇಕಾದರೆ ನಿಜವಾದ ಸಂತ್ರಸ್ತರ ಪಟ್ಟಿ ಮೊದಲು ಸಿದ್ಧವಾಗಬೇಕು. ಹಕ್ಕು ದೊರೆತು ಮನಸ್ಸು ನೆಮ್ಮದಿಯಾದ ರೈತನೇ ಕಾಡಿನ ಅತ್ಯುತ್ತಮ ಕಾವಲುಗಾರ. ನಾಳೆ ಎಬ್ಬಿಸಲ್ಪಡುವೆನೆಂಬ ಭಯದಲ್ಲಿರುವವನು ಮರ ನೆಡಲಾರ.

ಸಂಕಟವು ಎಬ್ಬಿಸಿದ ದಿನ ಆರಂಭವಾಗುವುದಿಲ್ಲ, ಸುದ್ದಿ ಹರಡಿದ ದಿನವೇ ಆರಂಭವಾಗುತ್ತದೆ. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ಗಳ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದಾಗಿನಿಂದ ಜನ ಕಳವಳಗೊಂಡು ಬೀದಿಗಿಳಿದದ್ದು ಇದಕ್ಕೇ. ಒಮ್ಮೆ ಸುಟ್ಟ ಕೈ ಅದು. ಅವರ ಭಯವನ್ನು ‘ಅಜ್ಞಾನ’ ಎನ್ನುವವರು ಅವರ ಅಜ್ಜನ ಕಥೆಯನ್ನು ಮೊದಲು ಕೇಳಲಿ.

ಆಗಬೇಕಾದ್ದು ಇಷ್ಟು. ಶರಾವತಿ ಸಂತ್ರಸ್ತರ ಭೂಮಿಯ ಪ್ರಶ್ನೆಯನ್ನು ಕೇಂದ್ರದ ಅನುಮತಿಯೊಂದಿಗೆ, ಕಾನೂನಿನ ದಾರಿಯಲ್ಲಿಯೇ, ಗಡುವು ಹಾಕಿ ಮುಗಿಸಬೇಕು. ಮುಂದೆ ಅನಿವಾರ್ಯವೆಂದು ಯಾವ ಊರನ್ನು ಎಬ್ಬಿಸಿದರೂ ಇಡೀ ಊರನ್ನು, ಅದರ ದೇವರು, ಶಾಲೆ, ನೆರೆಹೊರೆಗಳ ಸಮೇತ ಒಟ್ಟಿಗೆ ನೆಲೆಗೊಳಿಸಬೇಕು. ಟಿಬೆಟನ್ನರಿಗೆ ಮಾಡಲಾದದ್ದು ಕನ್ನಡಿಗರಿಗೆ ಏಕೆ ಅಸಾಧ್ಯ? ಹೊಸ ನೆಲದ ಬೇಸಾಯಕ್ಕೆ ಕನಿಷ್ಠ ಐದು ವರ್ಷ ಜೊತೆಗೆ ನಿಂತು ಕಲಿಸುವ ವ್ಯವಸ್ಥೆ ಬೇಕು. ಅಂಥ ಊರುಗಳ ಆಶಾ ಕಾರ್ಯಕರ್ತೆಯರಿಗೆ ಮಾನಸಿಕ ಸಂಕಟ ಗುರುತಿಸುವ ತರಬೇತಿ ಕೊಟ್ಟು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ನಿಗದಿತ ದಿನ ಅಲ್ಲಿಗೇ ಬರುವಂತಾಗಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನು ಪ್ರತಿ ಪ್ರಜೆಯ ಹಕ್ಕೆಂದು ಸಾರಿದೆ. ಇದು ಬೇಡಿಕೆ, ಭಿಕ್ಷೆಯಲ್ಲ. ನಿದ್ದೆ ಬಾರದೆ, ಬದುಕು ಸಾಕೆನಿಸಿ ಕುಳಿತವರು ಇಂದೇ 14416 ಸಂಖ್ಯೆಯ ಟೆಲಿ–ಮಾನಸ್ ಸಹಾಯವಾಣಿಗೆ ಕರೆ ಮಾಡಬಹುದು. ಹಣ ಕೊಡಬೇಕಾಗಿಲ್ಲ, ನಾಚಬೇಕಾಗಿಲ್ಲ.

ವಿದ್ಯಾರ್ಥಿಗಳ ಪಾಲಿಗೂ ಕೆಲಸವಿದೆ. ಮುಳುಗಡೆ ಕಂಡ ಹಿರಿಯರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಈ ರಜೆಯಲ್ಲಿ ಅವರ ಜಗಲಿಗೆ ಹೋಗಿ ಕುಳಿತು, ಮುಳುಗಿದ ಊರುಗಳ ಹೆಸರು, ಕೇರಿಗಳ ಹೆಸರು, ಗದ್ದೆಗಳ ಹೆಸರನ್ನು ಬರೆದುಕೊಳ್ಳಿರಿ. ಯಾರು ಯಾವ ಊರಿಗೆ ಚದುರಿದರೆಂಬ ನಕ್ಷೆ ಮಾಡಿ ಗ್ರಾಮಸಭೆಯಲ್ಲಿ ಓದಿರಿ. ನಿಜವಾದ ಸಂತ್ರಸ್ತರ ಪಟ್ಟಿಗೆ ಅದು ಮೊದಲ ದಾಖಲೆಯಾಗುತ್ತದೆ; ಅರವತ್ತು ವರ್ಷ ಯಾರೂ ಕೇಳದ ಮಾತನ್ನು ಒಬ್ಬರು ಕೂತು ಕೇಳಿದ್ದರಿಂದ ಹೇಳಿದವರ ಎದೆಯೂ ಒಂದಿಷ್ಟು ಹಗುರವಾಗುತ್ತದೆ.